ಎಡಗಾಲಿನ ಹಿಮ್ಮಡಿ

ಸಂಘಮಿತ್ರಾ ಬ್ಯಾಗಿನಿಂದ ಆರು ಬಿಳಿ ರಬ್ಬರ್ ತೆಗೆದು ಸಾಲಾಗಿ ಇಟ್ಟಾಗ ಗುರುಬಸವರಾಜನಿಗೆ ನಗು ತಡೆಯಲಾಗಲಿಲ್ಲ.

"ದೊಡ್ಡ ಮಷಿನ್ ಬರತೈತಿ ಅಂತ ಪಡಸಾಲಿ ಖಾಲಿ ಮಾಡಿಸೀನ್ರಿ ಮೇಡಂ. ಎರಡು ಮಂಚ ಅಂಗಳಕ್ಕ ಹಾಕೀವಿ. ನೀವು ನೋಡಿದ್ರ ಸಾಲಿ ಹುಡುಗರ ರಬ್ಬರ್ ತಂದೀರಿ."

"ಮಷಿನ್ ಹೈದರಾಬಾದಿನಾಗ ಐತ್ರಿ ಸರ್. ಹಡಗಲಿ ಬಸ್ಸಿಗೆ ಅದು ಹತ್ತಾಂಗಿಲ್ಲ."

ಮುಖ ಗಂಟು ಹಾಕಿಕೊಂಡೇ ಹೇಳಿದಳು. ತುಟಿಯ ಬಲಗಡೆಯ ಅಂಚು ಮಾತ್ರ ಅವಳ ಮಾತು ಕೇಳದೆ ಚೂರು ಮೇಲಕ್ಕೆ ಹೋಯಿತು. ಅದನ್ನು ಅವನು ಕಂಡ. ಅವನು ಕಂಡದ್ದನ್ನು ಅವಳು ಕಂಡಳು. ಕೆಲಸಕ್ಕೆಂದು ಬಂದ ಮನೆಯಲ್ಲಿ, ಬಂದ ಹತ್ತು ನಿಮಿಷಕ್ಕೆ, ಇಂಥದ್ದೆಲ್ಲ ಆಗಬಾರದು. ಆಯಿತು, ಏನು ಮಾಡುವುದು.

ಗುರುಬಸವರಾಜ ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಸುತ್ತಲಿನ ಐದು ತಾಲ್ಲೂಕಿನ ಹಳೆಯ ವಸ್ತುಗಳನ್ನು ಕೂಡಿಹಾಕಿ ಕಾಲೇಜಿನ ಒಂದು ಕೋಣೆಯಲ್ಲಿ ಸಂಗ್ರಹಾಲಯ ಮಾಡುವ ಹುಚ್ಚು ಅವನಿಗೆ. ನಡುವೆ ಇಡಬೇಕಾದ ಮುಖ್ಯ ವಸ್ತು ಅವನ ಹಿರೇಹಡಗಲಿಯ ಮನೆಯದೇ. ಅದು ಗವಿಯಯ್ಯನ ಪಾದುಕೆ. ನೂರೈವತ್ತು ವರ್ಷದ ಹಿಂದೆ ಊರ ಹೊರಗಿನ ಗವಿಯಲ್ಲಿದ್ದ ಅಯ್ಯ ಮೆಟ್ಟಿದ ತೊಗಲಿನ ಜೋಡು ಅಂದಿನಿಂದ ಈ ಮನೆಯ ದೇವರ ಕೋಣೆಯಲ್ಲಿ ಪೂಜೆಗೊಳ್ಳುತ್ತಿತ್ತು. ಶ್ರೀಶೈಲದ ತಪಸ್ವಿಗಳು ಕಳಿಸಿದ ಜಿಂಕೆ ತೊಗಲಿನವು ಎಂದು ಮನೆಯವರ ನಂಬಿಕೆ. ಬೋರ್ಡು ಬರೆಸುವ ಮೊದಲು ಪರೀಕ್ಷೆ ಆಗಿಬಿಡಲಿ ಎಂದು ಅವನೇ ಹೈದರಾಬಾದಿನ ಪ್ರಯೋಗಾಲಯಕ್ಕೆ ಪತ್ರ ಬರೆದಿದ್ದ.

ಆ ಪತ್ರದಲ್ಲಿ 'ಗವಿಯಯ್ಯ' ಎಂಬ ಹೆಸರು ಓದಿದ ಕೂಡಲೇ, ಬೇರೆಯವರು ಬಾಯಿ ತೆರೆಯುವ ಮೊದಲೇ, ಸಂಘಮಿತ್ರಾ "ಇದಕ್ಕೆ ನಾನು ಹೋಗ್ತೀನಿ" ಎಂದಿದ್ದಳು. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ.

"ಕೂಡ್ಲಿಗಿ ಅಂದ್ರಿ," ಎಂದರು ಮನೆಯ ಯಜಮಾನ ಶಿವಯೋಗಪ್ಪ. ಬೀಜ-ಗೊಬ್ಬರದ ಅಂಗಡಿಯನ್ನು ಆಳಿನ ಕೈಗೆ ಬಿಟ್ಟು ಪಡಸಾಲೆಯ ಕುರ್ಚಿಯಲ್ಲಿ ಬಂದು ಕೂತಿದ್ದರು. "ಅಲ್ಲೆ ಯಾರ ಪೈಕಿ?"

"ಭೀಮರಾಜ ಅವರ ಮಗಳ್ರಿ. ಅಂಚೆ ಇಲಾಖ್ಯಾಗ ಇದ್ರು, ಈಗ ರಿಟೈರ್ ಆಗ್ಯಾರ."

ಕೇಳಿದ್ದು ಇಲಾಖೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸಂಘಮಿತ್ರಾ ಎಂಬ ಹೆಸರೇ ಅರ್ಧ ಉತ್ತರ ಹೇಳಿತ್ತು. ಶಿವಯೋಗಪ್ಪ "ಹಂಗೇನು" ಎಂದು ಕಿಟಕಿ ಕಡೆ ನೋಡಿದರು.

ಜಾರುವ ಕನ್ನಡಕದ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದವಳು ಗುರುಬಸವರಾಜನ ಅಜ್ಜಿ ನಾಗಲಿಂಗಮ್ಮ. ಎಂಬತ್ತೆರಡು ವರ್ಷ, ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಚುರುಕು.

"ರಬ್ಬರಿನಿಂದ ಏನ್ ಮಾಡ್ತೀಯವ್ವ?" ಎಂದು ಕೇಳಿದಳು.

"ಮೆಲ್ಲಕ ಉಜ್ಜತೀನ್ರಿ ಅಜ್ಜಿ. ಉಜ್ಜಿದ ಪುಡಿಗೆ ತೊಗಲಿನ ಕಣ್ಣಿಗೆ ಕಾಣದಂಥ ಎಳಿ ಅಂಟಿಕೊಂಡು ಬರತಾವ. ತೊಗಲಿನಾಗ ಕೊಲ್ಯಾಜೆನ್ ಅಂತ ಒಂದು ಪ್ರೋಟೀನ್ ಇರತೈತಿ. ಎಷ್ಟು ವರ್ಷ ಆದ್ರೂ ಲಗೂನ ಸಾಯಾಂಗಿಲ್ಲ. ಅದನ್ನ ಸಣ್ಣ ತುಣುಕು ಮಾಡಿ ಮಷಿನ್ ತೂಗತೈತಿ. ಜಿಂಕಿದು ಒಂದು ತೂಕ, ಆಡಿಂದು ಒಂದು, ಎಮ್ಮಿದು ಒಂದು."

"ಎಮ್ಮಿ ಮಾತು ಯಾಕ ಬಂತು ಇಲ್ಲೆ," ಎಂದರು ಶಿವಯೋಗಪ್ಪ.

"ಉದಾಹರಣಿಗೆ ಅಂದೆನ್ರಿ," ಎಂದಳು. ಎದೆ ಮಾತ್ರ ಉದಾಹರಣೆಗಿಂತ ಜೋರಾಗಿ ಹೊಡೆದುಕೊಂಡಿತು.

*

ದೇವರ ಕೋಣೆಯ ಪೆಟ್ಟಿಗೆ ತೆರೆದು, ಅವಳೇ ಕೊಟ್ಟ ಗ್ಲೌಸ್ ಹಾಕಿಕೊಂಡು, ಗುರುಬಸವರಾಜ ಪಾದುಕೆಗಳನ್ನು ಅವುಗಳ ಹಾಸಿನ ಸಮೇತ ಎತ್ತಿ ತಂದ. ಹಾಸು ಎಂದರೆ ಜಿಂಕೆಯ ತೊಗಲು. ಅರಣ್ಯ ಇಲಾಖೆಯ ಸರ್ಟಿಫಿಕೇಟ್ ಇರುವ, ಅಂಚಿನ ಕೂದಲು ಉದುರಿದ, ಹಳೆಯ ತೊಗಲು.

"ಪಾದುಕಿ ಬಿಳಿ ಹಾಳಿ ಮ್ಯಾಲ ಇಡ್ರಿ ಸರ್. ಹಾಸು ದೂರ ಇರಲಿ."

"ಅಯ್ಯನ ಪಾದುಕಿ ಬರೇ ಹಾಳಿ ಮ್ಯಾಲ ಇಡಬಾರದು," ಎಂದರು ಶಿವಯೋಗಪ್ಪ. ಅದು ಈ ಮನೆಯ ಪದ್ಧತಿ. ಹಾಸು ಬಿಟ್ಟು ಪಾದುಕೆ ಇಳಿಯುವುದಿಲ್ಲ. ಬೇರೆ ಕಡೆಯಾಗಿದ್ದರೆ ಅವಳು ಜಗಳ ತೆಗೆಯುತ್ತಿದ್ದಳು. ಇಲ್ಲಿ, "ಯಾರ ಪೈಕಿ" ಎಂದು ಕೇಳಿಸಿಕೊಂಡ ಮೇಲೆ, ಇನ್ನೊಂದು ಮಾತು ಬೆಳೆಸುವ ಧೈರ್ಯ ಬರಲಿಲ್ಲ.

ಗುರುಬಸವರಾಜ ಎಡ ಪಾದುಕೆಯನ್ನು ಎರಡು ಅಂಗೈ ಮೇಲೆ ಅವಳ ಮುಂದೆ ಹಿಡಿದ. ಅದೇ ಗ್ಲೌಸ್. ಈಗಷ್ಟೇ ಜಿಂಕೆ ತೊಗಲು ಹಿಡಿದ ಗ್ಲೌಸ್. 'ಅವು ತೆಗೆದು ಬೇರೆ ಹಾಕ್ಕೊಳ್ರಿ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು.

ಅದೇ ಹೊತ್ತಿಗೆ ಅವನು ತಲೆ ಎತ್ತಿದ. ಇಷ್ಟು ಹತ್ತಿರದಿಂದ ನೋಡಿದರೆ ಅವನ ಎಡ ಹುಬ್ಬಿನಲ್ಲಿ ಒಂದು ಸಣ್ಣ ಕಲೆ ಇತ್ತು. ಕಣ್ಣಲ್ಲಿ ನಗು ತುಂಬಿಕೊಂಡು, ಅಪ್ಪನಿಗೆ ಕೇಳದಷ್ಟು ಮೆಲ್ಲಗೆ, "ಉಜ್ಜಿ ಅಳಿಸಿಬಿಡಬ್ಯಾಡ್ರಿ ಮತ್ತ. ಇರೋದು ಇವೆರಡ ಪಾದುಕಿ," ಎಂದ.

ತುಟಿಯಂಚು ಮತ್ತೆ ಮೇಲೆ ಹೋಯಿತು. ಹೇಳಬೇಕಾದ ಮಾತು ಒಳಗೇ ಉಳಿಯಿತು. ಅವಳು ರಬ್ಬರ್ ಹಿಡಿದು ಉಜ್ಜತೊಡಗಿದಳು. ಉದುರಿದ ಪುಡಿಯನ್ನು ಪುಟ್ಟ ಟ್ಯೂಬಿಗೆ ತುಂಬಿ ಹೆಸರು ಬರೆದಳು.

ಉಜ್ಜುವಾಗಲೇ ಇನ್ನೊಂದು ಕಂಡಿತು. ಎಡ ಪಾದುಕೆಯ ಹಿಮ್ಮಡಿ ಬಲದ್ದಕ್ಕಿಂತ ದಪ್ಪ. ಕಾಲು ಇಂಚಿನಷ್ಟು. ಒಂದು ಪದರ ಹೆಚ್ಚು ಕೂಡಿಸಿ ಹೊಲಿದಂತೆ. ಅವಳು ಬೆರಳಿಟ್ಟು ಮತ್ತೊಮ್ಮೆ ಅಳೆದಳು. ಅದನ್ನೂ ಅವಳು ಹೇಳಲಿಲ್ಲ.

ಹೊರಡುವಾಗ ರಬ್ಬರ್ ಎಣಿಸಿದಳು. ಬಳಸಿದ್ದು ಐದು. ಆರನೆಯದು ಎಲ್ಲಿ ಹುಡುಕಿದರೂ ಸಿಗಲಿಲ್ಲ.

*

ಹೇಳದೆ ಉಳಿದದ್ದು ಇದು. ಕೂಡ್ಲಿಗಿಯಲ್ಲಿ ಅವಳ ಅಪ್ಪನ ದೊಡ್ಡತ್ತೆ ಹಂಪಮ್ಮ ಇದ್ದಾಳೆ. ಚಿಕ್ಕಂದಿನಲ್ಲಿ ಸಂಘಮಿತ್ರಾ ಉಣ್ಣದೆ ಹಟ ಮಾಡಿದಾಗಲೆಲ್ಲ ಅವಳು ಒಂದೇ ಕಥೆ ಹೇಳುತ್ತಿದ್ದಳು. "ನಮ್ಮ ಹಿರೇರು ಗಾದೆಪ್ಪ ಗವಿಯಯ್ಯಗ ಕೆರ ಹೊಲದಿದ್ದ. ಮನಿ ಎಮ್ಮಿ ಸತ್ತಿತ್ತು, ಅದರ ತೊಗಲನ್ನ ತಂಗಡಿ ಗಿಡದ ತೊಗಟ್ಯಾಗ ನೆನಸಿ ಹದ ಮಾಡಿದ್ದ. ಅಯ್ಯ ತಾನ ಕಾಲು ಮುಂದ ಮಾಡಿದ, ಅಳತಿ ತಗೋ ಅಂದ. ನಮ್ಮವ ಅಯ್ಯನ ಪಾದ ಎರಡೂ ಕೈಯಾಗ ಹಿಡದಾನ. ಅಯ್ಯನ ಎಡಗಾಲು ಗಿಡ್ಡ ಇತ್ತು ನೋಡು, ಅದಕ ಎಡ ಹಿಮ್ಮಡಿಗೆ ಒಂದು ಪದರ ಜಾಸ್ತಿ ಹಾಕಿದ್ದ. ಹಾಕ್ಕೊಂಡು ನಡದ ಅಯ್ಯ, ಕುಂಟಲಿಲ್ಲ."

ಕೇರಿಯ ಹೊರಗೆ ಈ ಕಥೆಯನ್ನು ಯಾರೂ ನಂಬಿದವರಿಲ್ಲ. ಚಪ್ಪಲಿ ಹೊಲಿಯುವವರು ಅಯ್ಯನ ಕಾಲು ಮುಟ್ಟಿದರು ಎಂದರೆ ಜನ ನಕ್ಕುಬಿಡುತ್ತಿದ್ದರು.

ಪ್ರಯೋಗಾಲಯದ ಮಷಿನ್ ನಕ್ಕಿತೋ ಇಲ್ಲವೋ, ಉತ್ತರ ಮಾತ್ರ ಕೊಟ್ಟಿತು: ಜಿಂಕೆ.

ಸಂಘಮಿತ್ರಾ ಆ ಸಾಲನ್ನು ಬಹಳ ಹೊತ್ತು ನೋಡುತ್ತ ಕೂತಳು. ಹಂಪಮ್ಮನ ಕಥೆ ಕಥೆಯೇ ಆಗಿಹೋಯಿತೆಂದು ದುಃಖವಾಯಿತು. ಆ ದುಃಖವೇ ಅವಳನ್ನು ದಾರಿ ತಪ್ಪಿಸಿತು. ಎಮ್ಮೆ ಬರಲಿ ಎಂದು ಆಸೆಪಟ್ಟಿದ್ದಳು, ಆಸೆಯ ಕಡೆಗೆ ತಕ್ಕಡಿ ವಾಲಿಸಿದಳು ಎಂದು ನಾಳೆ ಯಾರೂ ಅನ್ನಬಾರದು ಎಂದುಕೊಂಡು, ಎರಡನೇ ಸಲ ನೋಡದೆ ಪ್ರಾಥಮಿಕ ವರದಿ ಕಳಿಸಿಬಿಟ್ಟಳು.

ಆಮೇಲಿನ ಒಂದು ತಿಂಗಳು ಅವಳ ಬದುಕಿನ ಅತಿ ಸಿಹಿಯಾದ ತಿಂಗಳು. ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ ಅವನ ಫೋನ್.

"ನನ್ನ ಆರನೇ ರಬ್ಬರ್ ಸಿಕ್ತೇನ್ರಿ?"

"ಹುಡುಕಾಕ ಹತ್ತೀನಿ. ಸಿಗಾಂಗ ಕಾಣಸವಲ್ದು. ನೀವ ಬಂದು ಹುಡುಕಬೇಕು."

"ರಬ್ಬರ್ ಸಲುವಾಗಿ ಹೈದರಾಬಾದಿಂದ ಬರಬೇಕಾ?"

"ನನ್ನ ಸಲುವಾಗಿ ಬರ್ರಿ ಅಂದ್ರ ಬರ್ತೀರಾ?"

ಇಂಥ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿರುವುದೂ ಒಂದು ಉತ್ತರ. ಆ ಮೌನದೊಳಗೆ ಅವನು ಉಸಿರಾಡುವುದು ಅವಳಿಗೆ ಕೇಳಿಸುತ್ತಿತ್ತು. ಮೂರನೇ ವಾರಕ್ಕೆ 'ಸರ್' ಬಿದ್ದುಹೋಯಿತು, 'ಮೇಡಂ' ಬಿದ್ದುಹೋಯಿತು. ನಾಲ್ಕನೇ ವಾರಕ್ಕೆ 'ರಿ' ಕೂಡ.

ಜಿಂಕೆಯ ಸುದ್ದಿ ಶಿವಯೋಗಪ್ಪನವರ ಬೀಗರು ಬಿಜ್ಜರಿಗೆಲ್ಲ ಹಬ್ಬಿತ್ತು. ಮಾರ್ಚ್ ಮೊದಲ ವಾರ ಗುರುಬಸವರಾಜ ಫೋನ್ ಮಾಡಿ, ಮಾತು ತಡವರಿಸುತ್ತ, "ಅಪ್ಪಾಜಿ ಹೂಂ ಅಂದ್ರು," ಎಂದ.

"ಯಾವುದಕ?"

"ಯಾವುದಕ ಅಂತ ಬಾಯಿ ಬಿಟ್ಟು ಹೇಳಬೇಕಾ? ನಮ್ಮಿಬ್ಬರಿಗೆ. ಎರಡು ದಿನ ಮಾತಾಡಿರಲಿಲ್ಲ. ಇವತ್ತು ಅಂದ್ರು, ಆ ಹುಡುಗಿ ನಮ್ಮ ಮನಿ ಮಾನ ಉಳಿಸ್ಯಾಳ, ಆಗಲಿ ಅಂತ."

ಸಂಘಮಿತ್ರಾಳ ಕಣ್ಣು ತುಂಬಿತು. ಫೋನ್ ಇಟ್ಟ ಮೇಲೆ, ಮಾನ ಉಳಿಸ್ಯಾಳ ಎಂಬ ಮಾತು ಮಾತ್ರ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದುಕೊಂಡಿತು.

*

ಪೂರ್ಣ ವರದಿಗೆ ಸಹಿ ಹಾಕಲು ಕೂತ ದಿನ ಅವಳು ಮಷಿನ್ ಕೊಟ್ಟ ಗೆರೆಗಳನ್ನು ದೊಡ್ಡದು ಮಾಡಿ ನೋಡಿದಳು. ಜಿಂಕೆಯ ಎತ್ತರದ ಗೆರೆಗಳ ಬುಡದಲ್ಲಿ, ಹುಲ್ಲಿನಷ್ಟು ಸಣ್ಣದಾಗಿ, ಬೇರೆ ಗೆರೆಗಳಿದ್ದವು. ತೂಕ ಹೋಲಿಸಿ ನೋಡಿದಳು. ಎಮ್ಮೆ.

ಜಿಂಕೆ ಎಲ್ಲಿಂದ ಬಂತು ಎಂದು ಅವಳು ಯೋಚಿಸಬೇಕಾಗಲಿಲ್ಲ. ಹಾಸು. ವರ್ಷಗಟ್ಟಲೆ ಜಿಂಕೆ ತೊಗಲಿನ ಮೇಲೆ ಕೂತ ಪಾದುಕೆಯ ಮೈಗೆ ಅದರದೇ ಎಳೆ. ಅದರ ಮೇಲೆ ಅವನ ಕೈಯ ಗ್ಲೌಸ್. ತಾನು ಪಾದುಕೆಯನ್ನು ಉಜ್ಜಿರಲಿಲ್ಲ, ಹಾಸನ್ನು ಉಜ್ಜಿ ಬಂದಿದ್ದಳು. ಅದೂ ಯಾಕೆ, ಒಬ್ಬ ಗಂಡಸಿನ ಹುಬ್ಬಿನ ಕಲೆ ನೋಡುತ್ತ ಒಂದು ಮಾತು ನುಂಗಿಕೊಂಡದ್ದಕ್ಕೆ.

ಸುಮ್ಮನೆ ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸಂಗ್ರಹಾಲಯ ಸೋಮವಾರ ತೆರೆಯುತ್ತದೆ. 'ಜಿಂಕೆ ಚರ್ಮದ ಪಾದುಕೆ' ಎಂದು ಬೋರ್ಡು ಬರೆದಾಗಿದೆ. ಮದುವೆಗೆ ಹೂಂ ಸಿಕ್ಕಾಗಿದೆ. ಸಹಿ ಹಾಕದಿದ್ದರೆ ಅದೆಲ್ಲ ಹೋಗಬಹುದು, ಅವನೂ ಹೋಗಬಹುದು. ಅವಳು ಪೆನ್ನಿನ ಕ್ಯಾಪ್ ಹಾಕಿ, ಹೊಸಪೇಟೆಗೆ ಟಿಕೆಟ್ ಮಾಡಿಸಿದಳು.

ಶನಿವಾರ ಹೊಸಪೇಟೆಯಲ್ಲಿ ರೈಲು ಬದಲಿಸಿ ಕೊಟ್ಟೂರು ಸ್ಟೇಷನ್ನಿನಲ್ಲಿ ಇಳಿದಾಗ ಅವನು ಕಾಯುತ್ತಿದ್ದ. ಹೊಸ ಅಂಗಿ. ಅವಳ ಬ್ಯಾಗಿಗೆ ಕೈ ಚಾಚುತ್ತ ಬೇಕೆಂದೇ ಬೆರಳಿಗೆ ಬೆರಳು ತಾಗಿಸಿದ. ಅವಳು ಬ್ಯಾಗ್ ಕೊಡಲಿಲ್ಲ.

"ಕೂಡು. ಒಂದು ಮಾತೈತಿ."

ರೈಲು ಹರಿಹರದ ಕಡೆ ಹೋಯಿತು. ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಬೇವಿನ ನೆರಳಿನ ಸಿಮೆಂಟ್ ಬೆಂಚಿನ ಮೇಲೆ ಕೂತು ಅವಳು ಎಲ್ಲವನ್ನೂ ಹೇಳಿದಳು. ಮೊದಲು ಗ್ಲೌಸಿನ ತಪ್ಪು. ಅವನು ಹಗುರವಾಗಿ ನಕ್ಕ. ಆಮೇಲೆ ಹಂಪಮ್ಮ ಹೇಳಿದ ಗಾದೆಪ್ಪನ ಕಥೆ, ಗಿಡ್ಡ ಎಡಗಾಲು, ಹಿಮ್ಮಡಿಯ ಪದರ. ಅವನ ನಗು ನಿಂತಿತು.

"ಅಂದ್ರ ನೀನು ನಮ್ಮ ಮನಿಗೆ ಬಂದದ್ದು ಇದಕ."

"ಬಂದದ್ದು ಇದಕ. ಉಳದದ್ದು ನಿನಗ."

"ಮೊದಲ ದಿನಾನ ಹೇಳಬಹುದಿತ್ತಲ್ಲ."

"ಹೇಳಿದ್ರ ನಿಮ್ಮಪ್ಪಾಜಿ ಪೆಟ್ಟಿಗಿ ತೆಗಿಸ್ತಿದ್ರಾ?"

ಇಲ್ಲದ ಉತ್ತರವನ್ನು ಇದೆ ಎಂದು ಹೇಳುವ ಜಾತಿಯವನಲ್ಲ ಅವನು, ಅದೊಂದು ಅವಳಿಗೆ ಗೊತ್ತಿತ್ತು. ಅವನು ಹಳಿಗಳ ಕಡೆ ತಿರುಗಿದ.

"ಸುಮ್ಮನಿದ್ರ ಏನಾಗತೈತಿ ಮಿತ್ರಾ?" ಎಂದ. ಅವನ ಧ್ವನಿ ಬೇಡುವವನ ಧ್ವನಿಯಾಗಿತ್ತು. "ಯಾರು ಕೇಳ್ತಾರ? ಮದುವಿ ಆದ ಮ್ಯಾಲ ಹೇಳೋಣ. ಎರಡು ವರ್ಷ ಬಿಟ್ಟು ಹೇಳೋಣ. ಅಪ್ಪಾಜಿ ಹೂಂ ಅಂದಾರ."

"ಜಿಂಕಿಗೆ ಅಂದಾರ. ಎಮ್ಮಿ ಅಂದ ಕೂಡಲೇ ಉಳಿಯದ ಹೂಂ ನನಗ ಅಂದದ್ದಲ್ಲ." ಅವಳಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ. "ನಿಮ್ಮನ್ಯಾಗ ದಿನಾ ಆ ಪಾದುಕಿಗೆ ಹೂ ಏರಸ್ತಾರ. ಸೊಸಿ ಆಗಿ ನಾನೂ ಏರಸಬೇಕು. ನಮ್ಮ ಗಾದೆಪ್ಪ ಹೊಲದದ್ದಕ್ಕ, ಗೊತ್ತಿದ್ದೂ, ಜಿಂಕಿ ಅಂತ. ನನ್ನ ಕೈಲಿ ಆಗಾಂಗಿಲ್ಲ ರಾಜ. ನಿನ್ನ ಮ್ಯಾಲ ಎಷ್ಟು ಪ್ರೀತಿ ಇದ್ರೂ ಆಗಾಂಗಿಲ್ಲ."

ಪ್ರೀತಿ ಎಂಬ ಮಾತನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಎಂಥ ಹೊತ್ತಿನಲ್ಲಿ ಹೇಳಿದಳು ನೋಡಿ.

ಅವನು ಎದ್ದ. ಕಣ್ಣು ಕೂಡಿಸಲಿಲ್ಲ.

"ನಡೀರಿ," ಎಂದ. "ಮನ್ಯಾಗ ನೀವ ಹೇಳ್ರಿ."

ಬಿದ್ದುಹೋಗಿದ್ದ 'ರಿ' ಹಿರೇಹಡಗಲಿ ಮುಟ್ಟುವವರೆಗೂ ಅವರಿಬ್ಬರ ನಡುವೆ ಕಾರಿನಲ್ಲಿ ಕೂತಿತ್ತು.

*

ಶಿವಯೋಗಪ್ಪ ಮಾತು ಮುಗಿಯುವವರೆಗೆ ಕೇಳಿದರು. ಅದು ಅವರ ಗುಣ. ಆದರೆ ಮುಖ ಒಂದೊಂದು ವಾಕ್ಯಕ್ಕೂ ಬಿಗಿಯುತ್ತ ಹೋಯಿತು.

"ಯಾರ ಪೈಕಿ ಅಂತ ಅವತ್ತ ಕೇಳಿದ್ದೆ," ಎಂದರು. "ಅಂಚೆ ಇಲಾಖಿ ಅಂದ್ರಿ."

"ನೀವು ಕೇಳಿದ್ದಕ ನಾನು ಉತ್ತರ ಕೊಡಲಿಲ್ಲ. ತಪ್ಪಾತು. ಈಗ ಕೊಟ್ಟೀನ್ರಿ."

"ಈಗೇನು ಬೇಕು?"

"ಎಡ ಹಿಮ್ಮಡಿಯ ಹೊಲಿಗಿ ಒಂದು ಕಡಿ ಬಿಚ್ಚೈತಿ. ಪದರಿನ ನಡುವ ಹಾಸು ಎಂದೂ ತಾಗಿಲ್ಲ. ಅಲ್ಲಿಂದ ಒಂದ ಎಳಿ ಬೇಕು. ಜಿಂಕಿ ಬಂದ್ರ ಜಿಂಕಿ ಅಂತ ಬರೀತೀನಿ."

"ಕೊಡಾಂಗಿಲ್ಲ. ಬಂದ ವರದಿ ಐತಿ, ಸಾಕು."

"ಅದಕ್ಕ ನಾನು ಸಹಿ ಹಾಕಾಂಗಿಲ್ರಿ."

ಗುರುಬಸವರಾಜ ಕಂಬಕ್ಕೆ ಒರಗಿ ನಿಂತಿದ್ದ. ಅವನು ಒಂದು ಮಾತು ಆಡಲಿ ಎಂದು ಅವಳ ಮೈಯೆಲ್ಲ ಕಾಯುತ್ತಿತ್ತು. ಪರವಾಗಿ ಬೇಡ, ವಿರೋಧವಾಗಿಯಾದರೂ ಸರಿ. ಅವನು ಆಡಲಿಲ್ಲ. ಅವಳು ಬ್ಯಾಗ್ ಎತ್ತಿಕೊಂಡಳು.

"ಆ ಹಾಸು ಜೋಡಿನ ಕೂಡ ಬಂದದ್ದಲ್ಲ," ಎಂದಳು ನಾಗಲಿಂಗಮ್ಮ.

ಎಲ್ಲರೂ ತಿರುಗಿದರು. ಅಜ್ಜಿ ದೇವರ ಕೋಣೆಯ ಹೊಸ್ತಿಲ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸಿರಲಿಲ್ಲ.

"ನಾನು ಈ ಮನಿಗೆ ಬಂದ ವರ್ಷ ನಮ್ಮ ಮಾವ ಹರಪನಹಳ್ಳಿಯಿಂದ ತಂದು ಹಾಸಿದ್ರು. ಅದಕ್ಕಿಂತ ಮೊದಲು ಬರೇ ಹಲಗಿ ಮ್ಯಾಲ ಇದ್ವು. ಮಂದಿ ಕೇಳಾಕ ಹತ್ತಿದ್ರು, ಯಾವ ತೊಗಲು, ಯಾರು ಹೊಲದದ್ದು ಅಂತ. ಹಾಸು ಬಂದ ಮ್ಯಾಲ ಕೇಳೂದು ಬಿಟ್ರು. ಜಿಂಕಿ ಮ್ಯಾಲ ಕುಂತದ್ದು ಜಿಂಕಿದ ಆತು."

"ಅವ್ವಾ," ಎಂದರು ಶಿವಯೋಗಪ್ಪ.

"ಸುಮ್ಮನಿರಪ್ಪ. ನಿನಗೂ ಗೊತ್ತಿರದ್ದು ಇನ್ನೊಂದೈತಿ. ನಮ್ಮತ್ತಿ ನನಗ ಹೇಳಿದ್ಲು, ಒರಸುವಾಗ ಎಡದ್ದನ್ನ ಯಾರ ಮುಂದೂ ಬಲದ್ದಕ್ಕ ಹಚ್ಚಿ ಹಿಡೀಬ್ಯಾಡ, ದಪ್ಪ ಕಾಣತೈತಿ ಅಂತ. ಯಾಕ ಅಂದೆ. ಅಯ್ಯನ ಎಡಗಾಲು ಗಿಡ್ಡ ಇತ್ತಂತ. ಅಯ್ಯ ಕುಂಟ ಅಂತ ಮಂದಿ ಅನ್ನಬಾರದು ನೋಡು. ಅದಕ ಈ ಹೊಸ್ತಿಲ ದಾಟಿ ಆ ಮಾತು ಹೋಗಿಲ್ಲ."

ಸಂಘಮಿತ್ರಾ ಎತ್ತಿಕೊಂಡ ಬ್ಯಾಗನ್ನು ಮತ್ತೆ ನೆಲಕ್ಕಿಟ್ಟಳು. ಗಿಡ್ಡ ಎಡಗಾಲಿನ ಮಾತನ್ನು ಅವಳು ಈ ಮನೆಯೊಳಗೆ ಎತ್ತಿರಲಿಲ್ಲ, ಗುರುಬಸವರಾಜನೊಬ್ಬನಿಗೆ ಹೇಳಿದ್ದಳು. ಎರಡು ಗಂಟೆಯ ಹಿಂದೆ, ಬೇವಿನ ನೆರಳಲ್ಲಿ. ಈ ಹೊಸ್ತಿಲು ದಾಟದ ಮಾತು ಕೂಡ್ಲಿಗಿಯ ಕೇರಿಯಲ್ಲಿ ಮಕ್ಕಳಿಗೆ ಉಣಿಸುವ ಕಥೆಯಾಗಿತ್ತು. ಈ ಮನೆಯವರು ಹೇಳದೆ ಅವರಿಗೆ ಗೊತ್ತಾಗಲು ಒಂದೇ ದಾರಿ. ಅಯ್ಯನ ಕಾಲನ್ನು ಯಾರೋ ಕೈಯಲ್ಲಿ ಹಿಡಿದು ಅಳೆದಿರಬೇಕು.

ಅವಳು ಗುರುಬಸವರಾಜನನ್ನು ನೋಡಿದಳು. ಅವನ ಮುಖದ ಬಣ್ಣ ಇಳಿದಿತ್ತು. ಅವನು ಕಂಬ ಬಿಟ್ಟು ಬಂದು ಅವಳ ಮುಂದೆ ಕೈ ಚಾಚಿದ.

"ಗ್ಲೌಸ್ ಕೊಡು."

ಕೊಟ್ಟಳು. ಹಾಕಿಕೊಂಡ. ದೇವರ ಕೋಣೆಗೆ ಹೋಗಿ, ಹಾಸನ್ನು ಮುಟ್ಟದೆ, ಎಡ ಪಾದುಕೆಯೊಂದನ್ನೇ ಎತ್ತಿ ತಂದು ಬಿಳಿ ಹಾಳೆಯ ಮೇಲೆ ಇಟ್ಟ. ಆಮೇಲೆ ಆ ಗ್ಲೌಸ್ ಬಿಚ್ಚಿ ಬದಿಗಿಟ್ಟು, "ಇನ್ನೊಂದು ಜೋಡು ಕೊಡು," ಎಂದ.

"ಗುರು," ಎಂದರು ಶಿವಯೋಗಪ್ಪ. "ನಾನು ಬ್ಯಾಡ ಅಂದೀನಿ."

"ಕೇಳೀನ್ರಿ ಅಪ್ಪಾಜಿ. ದಿನಾ ಹುಡುಗರಿಗೆ ಇತಿಹಾಸ ಹೇಳತೀನಿ. ನಾಳೆ ಅವರ ಮುಂದ ನಿಂದ್ರಬೇಕು ನಾನು."

ಹೊಸ ಗ್ಲೌಸ್ ಹಾಕಿಕೊಂಡು ಪಾದುಕೆಯನ್ನು ಅವಳ ಮುಂದೆ ಹಿಡಿದ. ಈ ಸಲ ಅವಳು ಅವನ ಹುಬ್ಬು ನೋಡಲಿಲ್ಲ. ಚಿಮಟದಿಂದ ಹೊಲಿಗೆ ಬಿಚ್ಚಿದ ಕಡೆ ಪದರಗಳ ನಡುವಿನಿಂದ ಕೂದಲಿನಷ್ಟು ಒಂದು ಎಳೆ ತೆಗೆದು ಟ್ಯೂಬಿಗೆ ಹಾಕಿದಳು. ತಲೆ ಎತ್ತಿದಾಗ ಶಿವಯೋಗಪ್ಪನವರ ಕುರ್ಚಿ ಖಾಲಿಯಿತ್ತು. ಅವರು ಅಂಗಡಿಗೆ ಹೋಗಿದ್ದರು.

*

ಸೋಮವಾರ ಸಂಗ್ರಹಾಲಯ ತೆರೆಯಿತು. ನಡುವಿನ ಗಾಜಿನ ಪೆಟ್ಟಿಗೆ ಖಾಲಿ ಇತ್ತು.

ಮೂರು ವಾರಕ್ಕೆ ಉತ್ತರ ಬಂತು. ಎಮ್ಮೆ. ಜಿಂಕೆಯ ಒಂದು ಗೆರೆಯೂ ಇಲ್ಲ. ಸಂಘಮಿತ್ರಾ ವರದಿಯ ಕೊನೆಗೆ, ಇದು ಪ್ರಾಣಿ ಯಾವುದೆಂದು ಹೇಳುತ್ತದೆ, ಹೊಲಿದ ಕೈ ಯಾರದೆಂದು ಹೇಳುವುದಿಲ್ಲ ಎಂದು ಬರೆದಳು. ಹಳೆಯ ವರದಿಯ ತಪ್ಪು ತನ್ನದೆಂದೂ ಬರೆದು, ಸಹಿ ಹಾಕಿ ಕಳಿಸಿದಳು.

'ತಲುಪಿತು' ಎಂದು ಒಂದೇ ಪದದ ಉತ್ತರ ಬಂತು. ಆಮೇಲೆ ಐದು ದಿನ ಏನೂ ಇಲ್ಲ. ಸಂಜೆಯಾದರೆ ಫೋನ್ ಕಡೆ ಕಣ್ಣು ಹೋಗುತ್ತಿತ್ತು. ಸತ್ಯ ಹೇಳಿದವರಿಗೆ ನೆಮ್ಮದಿ ಸಿಗುತ್ತದೆ ಎನ್ನುವವರು ಈ ಐದು ದಿನ ಕಳೆದು ನೋಡಬೇಕು. ಆರನೇ ದಿನ ರಜೆ ಹಾಕಿ, ಊರಿಗೆ ಹೊಂಟೀನಿ ಎಂದಷ್ಟೇ ಅವನಿಗೆ ಮೆಸೇಜ್ ಕಳಿಸಿ, ಕೂಡ್ಲಿಗಿಗೆ ಬಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ಹಂಪಮ್ಮನ ಮನೆಯ ಮುಂದೆ ಕಾರು ನಿಂತಿತು. ಗುರುಬಸವರಾಜ ಒಂದು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ.

"ಯಾರಪ್ಪ?" ಎಂದಳು ಹಂಪಮ್ಮ.

"ಹಿರೇಹಡಗಲಿಯವನ್ರಿ ಅಜ್ಜಿ. ಗವಿಯಯ್ಯನ ಕೆರ ಇಟ್ಟುಕೊಂಡ ಮನ್ಯಾವ. ಇವು ನಮ್ಮಜ್ಜಿ ಕಳಿಸಿದ ಕರ್ಜಿಕಾಯಿ. ಮುಂದಿನ ವಾರ ತಾನೂ ಬರತಾಳಂತ, ನಿಮ್ಮ ಕೂಡ ಮಾತಾಡಬೇಕಂತ."

ಪಾದುಕೆ ಎನ್ನದೆ ಕೆರ ಎಂದ. ಹಂಪಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು ಒಳಗಿನಿಂದ ಚೊಂಬು ನೀರು ತಂದಳು. ಅವನು ನಿಂತೇ ಗಟಗಟ ಕುಡಿದು ಖಾಲಿ ಮಾಡಿದ.

ಆಮೇಲೆ ಫೋನ್ ತೆಗೆದು ಸಂಘಮಿತ್ರಾಳ ಮುಂದೆ ಹಿಡಿದ. ಗಾಜಿನ ಪೆಟ್ಟಿಗೆ. ಅದರೊಳಗೆ ಹಾಸಿಲ್ಲದ ಹಲಗೆಯ ಮೇಲೆ ಆ ಜೋಡು. ಕೆಳಗೆ ಬೋರ್ಡು: 'ಗವಿಯಯ್ಯನ ಜೋಡು. ಎಮ್ಮೆಯ ತೊಗಲು. ಅಯ್ಯನ ಎಡಗಾಲು ಗಿಡ್ಡವಿದ್ದುದರಿಂದ ಎಡ ಹಿಮ್ಮಡಿಗೆ ಒಂದು ಪದರ ಹೆಚ್ಚು. ಹೊಲಿದವರು ಕೂಡ್ಲಿಗಿಯ ಗಾದೆಪ್ಪ ಎಂದು ಅವರ ಮನೆತನದವರ ಹೇಳಿಕೆ.'

ಅವಳು ಎರಡು ಸಲ ಓದಿದಳು. ಹಂಪಮ್ಮನಿಗೆ ಓದಲು ಬಾರದು, ಅವಳಿಗೂ ಓದಿ ಹೇಳಿದಳು. 'ಗಾದೆಪ್ಪ' ಎಂಬ ಹೆಸರನ್ನು ಬೆರಳಿಟ್ಟು ತೋರಿಸಿದಳು.

"ಐದು ದಿನ ಫೋನ್ ಯಾಕ ಮಾಡಲಿಲ್ಲ?"

"ಬೋರ್ಡ್ ಬದಲಿ ಮಾಡೂ ತನಕ ಯಾವ ಬಾಯಿಲೆ ಮಾತಾಡಲಿ. ಸ್ಟೇಷನ್ನಿನಾಗ ಸುಮ್ಮನಿರು ಅಂದವ ನಾನು."

"ಅಪ್ಪಾಜಿ?"

"ನಿನ್ನೆ ಬಂದು ನೋಡಿದ್ರು. ಓದಿದ್ರು. ಕನ್ನಡಕ ಒರಸಿಕೊಂಡು ಇನ್ನೊಮ್ಮೆ ಓದಿದ್ರು. ಏನೂ ಅನ್ನಲಿಲ್ಲ."

"ಹೂಂ ಅನ್ನಲಿಲ್ಲ."

"ಇಲ್ಲ. ಯಾವಾಗ ಅಂತಾರೋ ಗೊತ್ತಿಲ್ಲ. ಅವರ ಹೂಂ ಹಿಡಕೊಂಡು ನಾನು ಬಂದಿಲ್ಲ ಈ ಸಲ. ನಿಂದು ಕೇಳಾಕ ಬಂದೀನಿ."

ಅವಳು ಉತ್ತರ ಹೇಳುವ ಮೊದಲೇ ಅವನು ಹಂಪಮ್ಮನ ಕಡೆ ತಿರುಗಿದ. "ಅಜ್ಜಿ, ಕಾಲಿನ ಅಳತಿ ಹೆಂಗ ತಗೊಳ್ಳೂದು? ಇವಳಿಗೆ ಒಂದು ಜೋಡು ಹೊಲಸಬೇಕು. ಮದುವಿಗೆ."

ಹಂಪಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೆಲದ ಮ್ಯಾಲ ಕುಂದ್ರಬೇಕಪ್ಪ. ಕಾಲು ಕೈಯಾಗ ಹಿಡೀಬೇಕು. ನಿಮ್ಮಂಥವರಿಂದ ಆಗತೈತೇನು?"

ಅವನು ಕೂತ. ಹಂಪಮ್ಮ ಕೊಟ್ಟ ಹಳೆಯ ಪೇಪರ್ ಹಾಸಿ, ಸಂಘಮಿತ್ರಾಳ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲೆ ಇಟ್ಟ. ಅಂಗೈ ಬೆಚ್ಚಗಿತ್ತು. ಪೆನ್ಸಿಲ್ ಹಿಮ್ಮಡಿಯಿಂದ ಸುತ್ತು ಹೊರಟಿತು. ಕಿರುಬೆರಳಿನ ಹತ್ತಿರ ಬಂದಾಗ ಅವಳಿಗೆ ಕಚಗುಳಿಯಾಗಿ ಕಾಲು ಸರಿಯಿತು. ಗೆರೆ ಓರೆಯಾಯಿತು.

ಅವನು ಅಂಗಿಯ ಜೇಬಿಗೆ ಕೈ ಹಾಕಿ ಒಂದು ಬಿಳಿ ರಬ್ಬರ್ ತೆಗೆದ.

"ಕಳ್ಳ," ಎಂದಳು ಸಂಘಮಿತ್ರಾ.

"ಮೊದಲ ದಿನಾನ ಕದ್ದೀನಿ. ಈಗ ಹೇಳಾಕ ಹತ್ತೀನಿ." ಅವನು ತಲೆ ಎತ್ತಿದ. ಹುಬ್ಬಿನ ಕಲೆ, ಕೆಳಗೆ ಕೆಂಪಾದ ಕಣ್ಣು. "ಅಳಸಲೇನು?"

"ಬ್ಯಾಡ. ಇರಲಿ." ತುಟಿಯ ಅಂಚು ಅವಳನ್ನು ಕೇಳದೆ ಮೇಲಕ್ಕೆ ಹೋಯಿತು, ಈ ಸಲ ಅವಳು ಅದನ್ನು ತಡೆಯಲಿಲ್ಲ. "ಹೂಂ," ಎಂದಳು.

ಹಂಪಮ್ಮ ಪೇಪರಿನ ಮೇಲೆ ಬಾಗಿ ಗೆರೆಯನ್ನು ಪರೀಕ್ಷೆ ಮಾಡಿದಳು. "ಒಂದ ಕಾಲು ತಗೊಂಡು ಬಿಟ್ಯಲ್ಲಪ್ಪ. ಬಲಗಾಲೂ ತಗೋ. ಎರಡೂ ಕಾಲು ಸಮ ಇರಾಂಗಿಲ್ಲ ಯಾರಿಗೂ."

ಅವನು ಎಡಗಾಲನ್ನು ಬಿಡದೆಯೇ ಬಲಗಾಲಿಗೆ ಕೈ ಚಾಚಿದ.